ಕೋಟೆ ಸುತ್ತಿನ ಮಾತು

ಕೆಲಸದಿಂದ ಬಂದ ಸೊಸೆ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಮಾವ, ಭಾನುವಾರ ಕೋಟೆ ಸುತ್ತು ಹೋಗಿ ಬರೋಣ್ವಾ?" ಎಂದು ಕೇಳಿದಾಗ ದರ್ಜಿಯ ಎದೆ ಧಸಕ್ಕೆಂದಿತು. ಬೇರೆಯವರ ಮನೆಯಲ್ಲಾದರೆ ಈ ಮಾತಿಗೆ ಯಾರೂ ಗಾಬರಿಬೀಳುವುದಿಲ್ಲ. ಊರ ಹೊರಗೆ ಒಂದು ಪಾಳುಬಿದ್ದ ಕೋಟೆ. ಅದರ ಹೆಬ್ಬಾಗಿಲಿನಿಂದ ಹೊರಟ ಕಾಲುದಾರಿ ಹೊಲ, ಹೊಳೆ, ಗುಡ್ಡ ಎಲ್ಲ ಸುತ್ತಿಸಿ ಮತ್ತೆ ಅದೇ ಹೆಬ್ಬಾಗಿಲಿಗೆ ತಂದು ಬಿಡುತ್ತದೆ. ಗಾಳಿ ಚೆನ್ನಾಗಿದೆ, ಹೋಗಿ ಬಂದರೆ ಹಸಿವಾಗುತ್ತದೆ, ಅಷ್ಟೇ. ಆದರೆ ಈ ಮನೆಯ ಕಥೆಯೇ ಬೇರೆ.

ಮನೆ ಎಂದರೆ ಅರಮನೆಯೇನಲ್ಲ. ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ, ಮರದ ಮೆಟ್ಟಿಲು ಹತ್ತಿದರೆ ಮಲಗುವ ಕೋಣೆಗಳು. ಮುಂದಿನ ಕೋಣೆಯಲ್ಲಿ ಸದಾ ಒಬ್ಬ ಗಿರಾಕಿ ಅಳತೆ ಕೊಡಲು ತೋಳು ಚಾಚಿಕೊಂಡು ನಿಂತಿರುತ್ತಿದ್ದ, ಇನ್ನೊಬ್ಬ ತನ್ನ ಸರದಿಗೆ ಕಾಯುತ್ತ ಕಿವಿ ಅಗಲಿಸಿಕೊಂಡು ಕೂತಿರುತ್ತಿದ್ದ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಸಂಜೆಯೊಳಗೆ ಬೀದಿ ಕೊನೆಯ ಗುಂಡಿ ಅಂಗಡಿಯವನಿಗೆ ಮುಟ್ಟುತ್ತಿತ್ತು. ಅದಕ್ಕೇ ದರ್ಜಿಯ ಹೆಂಡತಿ, ಬದುಕಿದ್ದಾಗ, ಒಂದು ಕಾನೂನು ಮಾಡಿಬಿಟ್ಟಿದ್ದಳು. ಕಷ್ಟದ ಮಾತನ್ನು ಮನೆಯಲ್ಲಿ ಆಡಕೂಡದು, ಕೋಟೆ ಸುತ್ತು ಹೋಗಬೇಕು. ಹೊಳೆಯ ಮರದ ಸೇತುವೆ ದಾಟಿದ ಮೇಲೆ ಬಾಯಿ ಬಿಡಬೇಕು, ಯಾಕೆಂದರೆ ಅಲ್ಲಿಯವರೆಗೆ ಕೋಟೆ ನೋಡಲು ಬಂದವರ ಗಲಾಟೆ. ಸುತ್ತು ಮುಗಿಸಿ ಹೆಬ್ಬಾಗಿಲು ದಾಟುವಷ್ಟರಲ್ಲಿ ಮಾತು ಮುಗಿದಿರಬೇಕು. ಅಲ್ಲಿ ಆಡದೆ ಉಳಿದದ್ದನ್ನು ಮನೆಗೆ ಹೊತ್ತು ತರುವ ಹಾಗಿಲ್ಲ, ಅಲ್ಲಿ ತೀರ್ಮಾನವಾದದ್ದನ್ನು ಮನೆಯಲ್ಲಿ ಕೆದಕುವ ಹಾಗೂ ಇಲ್ಲ. ಹೆಂಗಸು ಗಟ್ಟಿಗಿತ್ತಿ. ತನ್ನ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಗಂಡನಿಗೆ ಹೇಳಿದ್ದು ಆ ದಾರಿಯಲ್ಲೇ. ಹೇಳಿ ಮುಗಿಸಿ, ಹೆಬ್ಬಾಗಿಲು ದಾಟಿ, ಬಸ್ಸಿನಲ್ಲಿ ಕೂತು ತರಕಾರಿಯ ವಿಷಯ ತೆಗೆದಿದ್ದಳು.

ಮಗ ಮದುವೆಯ ಮಾತೆತ್ತಿದ್ದೂ ಅಲ್ಲೇ. ಹುಡುಗಿಯನ್ನು ಜೊತೆಗೇ ಕರೆತಂದಿದ್ದ, ಭಂಡ. ಸೇತುವೆ ದಾಟಿದ್ದೇ ತಡ ಅವಳನ್ನು ಮುಂದಕ್ಕೆ ತಳ್ಳಿ, "ಇವಳೇ ಅಪ್ಪ" ಎಂದಿದ್ದ. ದರ್ಜಿ "ಸರಿ" ಎಂದಿದ್ದ. ಅದು ಅವನು ದಿನಾ ಗಿರಾಕಿಗಳಿಗೆ ಹೇಳುವ ಸರಿ. ಪಾಪ, ಅವನನ್ನು ದೂರಿ ಫಲವಿಲ್ಲ. ಜೀವಮಾನವಿಡೀ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡಿದ ಮನುಷ್ಯ. ಮಾತಿಗೆ ಬಾಯಿ ತೆರೆದರೆ ಸೂಜಿ ಗಂಟಲಿಗಿಳಿಯುತ್ತಿತ್ತು. ಮನೆಯ ಮಾತನ್ನೆಲ್ಲ ಹೆಂಡತಿ ವಹಿಸಿಕೊಂಡಿದ್ದಳು, ಅವಳು ಹೋದ ಮೇಲೆ ಮಗ ವಹಿಸಿಕೊಂಡ. ಆಮೇಲೆ ಒಂದು ಹಾಳು ಜ್ವರ ಬಂತು, ಮಗನೂ ಹೋದ. ಮಾವ, ಸೊಸೆ ಇಬ್ಬರೇ ಉಳಿದರು.

ಅದಾಗಿ ನಾಲ್ಕು ವರ್ಷ. ಅವಳು ಬೆಳಿಗ್ಗೆ ಕನ್ನಡಕದಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ದೀಪದ ಕೆಳಗೆ ಕೂತು ಗುಂಡಿಗಳಿಗೆ ಕಾಜ ಹೊಲಿದುಕೊಡುತ್ತಿದ್ದಳು. ಊಟಕ್ಕೆ ಕೂತರೆ "ಉಪ್ಪು ಕೊಡಿ", "ಸಾಕು", "ಮಳೆ ಬರೋ ಹಾಗಿದೆ", ಇಷ್ಟೇ. ಸತ್ತವನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಕೋಟೆಯ ಕಡೆಗಂತೂ ತಲೆ ಹಾಕಿಯೂ ಮಲಗಿರಲಿಲ್ಲ. ಹೀಗಿರುವಾಗ ಸೊಸೆ ಕೋಟೆ ಸುತ್ತು ಎಂದರೆ ಅರ್ಥ ಒಂದೇ. ಗುಂಡಿ ಅಂಗಡಿಯವನು ಆಗಲೇ ಕಿವಿ ಕಚ್ಚಿದ್ದ. ಒಬ್ಬ ಎತ್ತರದ ಆಸಾಮಿ, ವೆಲ್ಡಿಂಗ್ ಕೆಲಸದವನಂತೆ, ಕನ್ನಡಕ ಮಾಡಿಸಲು ಬಂದವನು ಮಾಡಿಸಿಕೊಂಡ ಮೇಲೂ ಬರುತ್ತಿದ್ದಾನಂತೆ. ದೂರದಲ್ಲಿ ಹಡಗು ಕಟ್ಟುವ ಊರಿನಲ್ಲಿ ಅವನಿಗೆ ಕೆಲಸ ಸಿಕ್ಕಿದೆಯಂತೆ. ದರ್ಜಿ ಕೇಳಿಸಿಕೊಂಡು ಗುಂಡಿ ಆರಿಸಿ ಮನೆಗೆ ಬಂದಿದ್ದ. ಬಂದು ನೋಡಿದರೆ ತಂದ ಗುಂಡಿಗಳೆಲ್ಲ ಬೇರೆ ಬೇರೆ ಬಣ್ಣದವು.

ಅವಳು ಹೋಗುವುದು ಅವನಿಗೆ ಬೇಕಿರಲಿಲ್ಲ. ಅದನ್ನು ಅವಳಿಗೆ ಹೇಳಲು ಅವನಿಗೆ ಬಾಯಿಲ್ಲ, ತಡೆಯಲು ಹಕ್ಕಿಲ್ಲ, ಇರುವುದು ಹೆಂಡತಿಯ ಕಾನೂನು ಒಂದೇ. ಸೇತುವೆಯಿಂದ ಹೆಬ್ಬಾಗಿಲಿನವರೆಗೆ ಅವಳಿಗೆ ಮಾತಾಡಲು ಸಂದು ಸಿಗದಿದ್ದರೆ? ಆಗ ವಿಷಯ ಅಲ್ಲಿಗೇ ನಿಂತಿತು. ಮತ್ತೆ ಸುತ್ತು ಹೋಗುವವರೆಗೆ ಅವಳು ಮನೆಯಲ್ಲಿ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಮಳೆಗಾಲ ಬರುತ್ತದೆ, ದಾರಿ ಕೆಸರಾಗುತ್ತದೆ, ತನಗೆ ಮೊಣಕಾಲು ನೋವು ಬರಬಹುದು, ಬರಿಸಿಕೊಳ್ಳಲೂಬಹುದು. ಅಳೆದು ಸುರಿದು ದರ್ಜಿ ಒಂದು ತೀರ್ಮಾನಕ್ಕೆ ಬಂದ. ಜನ್ಮದಲ್ಲಿ ಆಡದಿದ್ದಷ್ಟು ಮಾತನ್ನು ಆ ಭಾನುವಾರ ತಾನೇ ಆಡಿಬಿಡಬೇಕು.

ಭಾನುವಾರ ಮೋಡವಿತ್ತು, ಚಳಿಗಾಳಿ ಬೀಸುತ್ತಿತ್ತು. ಬಸ್ಸಿಳಿದು ಕೋಟೆ ಹತ್ತಿದರು. ಕೋಟೆಯಲ್ಲಿ ಉಳಿದಿದ್ದಾದರೂ ಏನು, ಅರ್ಧ ಗೋಡೆ, ಮೇಲ್ಛಾವಣಿಯಿಲ್ಲದ ಒಂದು ಬುರುಜು, ಬಾಗಿಲೇ ಇಲ್ಲದ ಹೆಬ್ಬಾಗಿಲಿನ ಕಮಾನು. ಕಮಾನಿನ ಕೆಳಗೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸೊಸೆಯ ಕೈಯಲ್ಲಿ ಬುತ್ತಿಯ ಚೀಲ, ದರ್ಜಿಯ ಕೈಯಲ್ಲಿ ಕೊಡೆ. ಮೆಟ್ಟಿಲಿಳಿದು, ಹೊಲದ ಅಂಚು ಹಿಡಿದು, ಹೊಳೆಯವರೆಗೆ ಇಬ್ಬರೂ ಸುಮ್ಮನೆ ನಡೆದರು. ಸೇತುವೆಯ ಕೊನೆಯ ಹಲಗೆಯ ಮೇಲೆ ಕಾಲಿಡುತ್ತಲೇ ಸೊಸೆ ಉಸಿರೆಳೆದುಕೊಂಡಳು. ದರ್ಜಿ ಅದಕ್ಕಿಂತ ಮೊದಲೇ ಶುರು ಹಚ್ಚಿಕೊಂಡಿದ್ದ.

ಏನೇನು ಮಾತಾಡಿದ ಎಂದು ಕೇಳಬೇಡಿ. ಒಂದು ಭುಜ ಎತ್ತರ ಒಂದು ಭುಜ ತಗ್ಗು ಇದ್ದ ವಕೀಲರ ಕಥೆ ಹೇಳಿದ. ವರ್ಷಾ ವರ್ಷಾ ಹೊಟ್ಟೆ ಬೆಳೆಸಿಕೊಂಡು ದಾರದ ಗುಣಮಟ್ಟವನ್ನು ಬೈಯುತ್ತಿದ್ದ ಬ್ಯಾಂಕಿನವರ ಕಥೆ ಹೇಳಿದ. ಮದುವೆಯ ಹಿಂದಿನ ದಿನ ಪ್ಯಾಂಟು ಒಯ್ಯಲು ಬಂದು, ಮದುವೆಯೇ ಬೇಡವಾಗಿದೆ, ನಿಧಾನಕ್ಕೆ ಹೊಲಿಯಿರಿ ಎಂದು ಅಂಗಲಾಚಿದ ಗಿರಾಕಿಯ ಕಥೆ ಹೇಳಿದ. ಹೇಳುತ್ತ ಹೇಳುತ್ತ ಇದು ಮದುವೆಯ ಕಡೆಗೆ ಜಾರುತ್ತಿದೆಯಲ್ಲ ಎಂದು ಹೊಳೆದು, ಗಕ್ಕನೆ ಹೊರಳಿಸಿ ಇಸ್ತ್ರಿಪೆಟ್ಟಿಗೆಯ ಬಗ್ಗೆ ಹೇಳತೊಡಗಿದ. ಕಥೆಗಳು ಮುಗಿದವು. ಕುರಿ ಕಂಡರೆ ಕುರಿಯ ಬಗ್ಗೆ, ಬೇಲಿ ಕಂಡರೆ ಬೇಲಿಯ ಬಗ್ಗೆ ಮಾತಾಡಿದ. ಸೊಸೆ "ಹೂಂ ಮಾವ", "ಹೌದಾ ಮಾವ" ಎನ್ನುತ್ತ ಪಕ್ಕದಲ್ಲಿ ಬರುತ್ತಿದ್ದಳು. ಗಂಟಲೊಣಗಿ ನೀರು ಕುಡಿಯುವಾಗ ಅವಳು "ಮಾವ, ಒಂದು ವಿಷಯ..." ಎಂದದ್ದೇ ತಡ, ಬಾಯ್ತುಂಬ ನೀರಿಟ್ಟುಕೊಂಡೇ ಬೆರಳೆತ್ತಿ ತಡೆದು, ನುಂಗಿ, ಈ ಬಾಟಲಿಯ ಮುಚ್ಚಳದ ದೋಷವೇನೆಂದು ವಿವರಿಸಿದ. ತನ್ನ ಬಾಯಿ ಇಷ್ಟು ಓಡಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಹಳೆಯ ಹಿಟ್ಟಿನ ಗಿರಣಿಯ ಹತ್ತಿರ ಅವಳು ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದಳು. ಮೊಟ್ಟೆ, ರೊಟ್ಟಿ ಇಟ್ಟುಕೊಟ್ಟಳು. ಅವನು ನಿಂತೇ ತಿಂದ, ಮಳೆ ಬಂದೀತು ಎಂದು ಅವಸರಪಡಿಸಿದ. ಅವಳು ನಕ್ಕಳು. ಆ ನಗುವಿನಲ್ಲಿ ಏನೋ ಇತ್ತು, ತನ್ನ ಆಟ ಅವಳಿಗೆ ತಿಳಿದುಹೋಗಿದೆಯೇನೋ ಎಂಬ ಅನುಮಾನ ಬಂತು. ಬರಲಿ ಬಿಡು, ಅರ್ಧ ದಾರಿ ಆಯಿತಲ್ಲ ಎಂದುಕೊಂಡು ಗುಡ್ಡ ಹತ್ತತೊಡಗಿದ.

ಗುಡ್ಡದ ನೆತ್ತಿಯ ಮೇಲೆ ದಾರಿ ನೇರವಾಗಿದೆ, ಬರುವವರು ದೂರದಿಂದಲೇ ಕಾಣುತ್ತಾರೆ. ಎದುರು ದಿಕ್ಕಿನಿಂದ ಒಬ್ಬ ಬರುತ್ತಿದ್ದ. ದರ್ಜಿ ಆಗ ಹತ್ತಿಯ ದಾರಕ್ಕೂ ರೇಷ್ಮೆಯ ದಾರಕ್ಕೂ ಇರುವ ವ್ಯತ್ಯಾಸ ಹೇಳುತ್ತಿದ್ದ. ಹೇಳುತ್ತ ತಲೆಯೆತ್ತಿ ನೋಡಿದ. ಮಾತು ಅಲ್ಲಿಗೇ ನಿಂತಿತು.

ಬರುತ್ತಿದ್ದವನು ಅವನ ಮಗ.

ಬೂದು ಬಣ್ಣದ ಕೋಟು, ಅಗಲ ಕಾಲರು, ತಗ್ಗಿದ ಎಡ ಭುಜಕ್ಕೆ ಎರಡು ಪದರ ಹತ್ತಿ ಹೆಚ್ಚಿಗೆ ಕೊಟ್ಟು ಸಮಮಾಡಿದ ಹೆಗಲು. ಮಗನಿಗೆಂದು ತಾನೇ ಆ ಕೋಟನ್ನು ಕತ್ತರಿಸಿದ ಮೇಜು, ಹೊಲಿದ ದಿನದ ಬೆಳಕು ಎಲ್ಲ ದರ್ಜಿಗೆ ನೆನಪಿದೆ. ಬಂದ, ಎಂದುಕೊಂಡ. ಇನ್ನೇನೂ ಹೊಳೆಯಲಿಲ್ಲ. ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕಿತು, ಕೈ ಮುಂದಕ್ಕೆ ಚಾಚಿತು. ನಾಲ್ಕು ವರ್ಷ ಎದೆಯಲ್ಲಿ ಗಂಟುಕಟ್ಟಿಕೊಂಡಿದ್ದು ಸಡಿಲಾಗಿ, ಎಷ್ಟು ತಡಮಾಡಿದೆಯಲ್ಲೋ ಎಂದು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಎದುರಿನವನು ಹತ್ತಿರ ಬಂದ. ಕನ್ನಡಕ ಹಾಕಿದ ಬೇರೆ ಮುಖ. ಸುಟ್ಟ ಕಲೆಗಳಿದ್ದ ಬೇರೆ ಕೈಗಳು. ಆ ಮನುಷ್ಯ ಅಂಜುತ್ತ, "ನಮಸ್ಕಾರ ಯಜಮಾನ್ರೇ" ಎಂದ.

ದರ್ಜಿ ಸೊಸೆಯ ಕಡೆ ತಿರುಗಿದ. ಅವಳ ಮುಖ ಬಿಳಿಚಿಕೊಂಡಿತ್ತು. ನೀವು ಏನಾದರೂ ಮಾಡಿ ಮಾತು ತಪ್ಪಿಸುತ್ತೀರಿ ಎಂದು ಗೊತ್ತಿತ್ತು, ಅದಕ್ಕೇ ಇವರನ್ನು ಆ ಕಡೆಯಿಂದ ಸುತ್ತಿ ಬರಲು ಹೇಳಿದ್ದೆ, ಎದುರು ಸಿಕ್ಕೇ ಸಿಗುತ್ತಾರಲ್ಲ ಎಂದಳು. ಆದರೆ ದರ್ಜಿಯ ದೃಷ್ಟಿ ಕೋಟಿನ ಮೇಲಿರುವುದನ್ನು ಅವಳು ಕಂಡಿದ್ದಳು.

ಅವಳು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹೊಲಿದ ಬಟ್ಟೆಯನ್ನು ಪೆಟ್ಟಿಗೆಯಲ್ಲಿಡುವುದು ಆ ಮನೆಯಲ್ಲಿ ಅಪರಾಧ. ಹೊಲಿದದ್ದು ತೊಡುವುದಕ್ಕೆ, ನುಸಿಗೆ ಉಣಿಸುವುದಕ್ಕಲ್ಲ ಎಂದು ದರ್ಜಿಯೇ ಸಾವಿರ ಸಲ ಹೇಳಿದವನು. ಮಗ ಹೋದ ಮೇಲೆ ಅವನ ಅಂಗಿಗಳನ್ನೆಲ್ಲ ತಾನೇ ಇಸ್ತ್ರಿ ಮಾಡಿ ಕಂಡಕಂಡವರಿಗೆ ಕೊಟ್ಟವನು. ಈ ಕೋಟೊಂದು ಅವಳ ಕೋಣೆಯ ಬಾಗಿಲ ಹಿಂದೆ ಉಳಿದುಕೊಂಡಿತ್ತು. ವೆಲ್ಡರನಿಗೆ ಬೆಚ್ಚನೆಯ ಬಟ್ಟೆಯಿಲ್ಲ, ಕೋಟೆಯ ಮೇಲೆ ಚಳಿ, ಕೊಟ್ಟಳು. ಮಾವ ನೋಡಿದರೆ ಖುಷಿಪಡುತ್ತಾರೆ, ತನ್ನ ಕೆಲಸ ಇನ್ನೂ ಒಬ್ಬರ ಮೈಮೇಲಿದೆ ಎಂದುಕೊಳ್ಳುತ್ತಾರೆ ಎಂದು ನಿಜವಾಗಿಯೂ ನಂಬಿದ್ದಳು. ದರ್ಜಿಯ ಮನೆಗೆ ಬಂದ ಹೆಣ್ಣುಮಗಳಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

"ಬಿಚ್ಚು" ಎಂದ ದರ್ಜಿ.

ವೆಲ್ಡರನಿಗೆ ತಿಳಿಯಲಿಲ್ಲ. ಸೊಸೆ, "ಮಾವ, ನೀವೇ ಹೇಳ್ತಿದ್ರಲ್ಲ..." ಎಂದು ಶುರುಮಾಡಿದಳು.

"ನಾನು ಹೇಳ್ತಿದ್ದೆ. ಈಗಲೂ ಹೇಳ್ತೀನಿ. ನೋಡಪ್ಪ, ಅವಳನ್ನ ಕರ್ಕೊಂಡು ಹೋಗು. ತಡೆಯೋಕೆ ನಾನ್ಯಾರು? ಕೋಟು ಮಾತ್ರ ಬಿಟ್ಟು ಹೋಗು."

ವೆಲ್ಡರ್ ಒಳ್ಳೆಯವನೇ ಇರಬೇಕು. ಮರುಮಾತಾಡದೆ ಗುಂಡಿ ಬಿಚ್ಚಿದ, ಕೋಟನ್ನು ಕೊಡವಿ, ಎರಡೂ ಹೆಗಲು ಸೇರಿಸಿ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ತೆಳ್ಳನೆಯ ಅಂಗಿಯಲ್ಲಿ ಗಾಳಿಗೆ ನಡುಗುತ್ತಿದ್ದ. ನಾನು ಹೀಗೇ ಮುಂದೆ ಹೋಗಿ ಸುತ್ತು ಮುಗಿಸುತ್ತೇನೆ, ಹೆಬ್ಬಾಗಿಲ ಒಳಗೆ ಕಾಯುತ್ತಿರುತ್ತೇನೆ ಎಂದು ಸೊಸೆಗೆ ಹೇಳಿ, ಅವರು ಬಂದ ದಾರಿಯಲ್ಲಿ ಇಳಿದುಹೋದ. ದರ್ಜಿ ಅವನ ಬೆನ್ನನ್ನೂ ನೋಡಲಿಲ್ಲ. ಕೋಟನ್ನು ತಾನೇ ತೊಟ್ಟುಕೊಂಡ.

ತೊಟ್ಟರೆ ತೋಳು ಬೆರಳು ದಾಟಿ ಕೆಳಗಿಳಿಯಿತು, ಅಂಚು ಮೊಣಕಾಲಿಗೆ ಬಂತು. ದರ್ಜಿ ಕಕ್ಕಾಬಿಕ್ಕಿಯಾಗಿ ತನ್ನನ್ನು ತಾನೇ ನೋಡಿಕೊಂಡ. ಮಗ ಇಷ್ಟು ದೊಡ್ಡವನಿದ್ದನೆ? ಅಳತೆಗಳು ಇವತ್ತಿಗೂ ಬಾಯಿಪಾಠ, ಆದರೆ ನೆನೆಸಿಕೊಂಡಾಗಲೆಲ್ಲ ಕಣ್ಣೆದುರು ಬರುತ್ತಿದ್ದವನು ಮೇಜಿನ ಕೆಳಗೆ ಕೂತು ಚಿಂದಿ ಬಟ್ಟೆ ಆಯುತ್ತಿದ್ದ ಪೋರ. ಈ ಆಳೆತ್ತರದ ಗಂಡಸನ್ನು ಅವನು ಯಾವಾಗಲೋ ಮರೆತುಬಿಟ್ಟಿದ್ದ. ಅದು ತಿಳಿದಾಗ ಕೋಟೆಯ ದಾರಿಯಲ್ಲಿ, ಹಗಲು ಹೊತ್ತಿನಲ್ಲಿ, ದರ್ಜಿ ಅತ್ತ. ಮಗ ಸತ್ತ ದಿನ ಅತ್ತಿರಲಿಲ್ಲ. ಸೊಸೆ ಅವನ ಒಂದೊಂದೇ ಕೈ ಹಿಡಿದು ತೋಳು ಮಡಿಸಿದಳು. ಅವನು ಸುಮ್ಮನೆ ಕೈ ಕೊಟ್ಟುಕೊಂಡು ನಿಂತ.

ಉಳಿದ ಅರ್ಧ ದಾರಿ ಅವಳದ್ದೇ ಮಾತು. ದರ್ಜಿಯ ಕಥೆಗಳೆಲ್ಲ ಖಾಲಿಯಾಗಿದ್ದವು. ಮುಂದಿನ ತಿಂಗಳು ಹೊರಡುತ್ತೇವೆ, ಅಲ್ಲಿ ಎರಡು ಕೋಣೆಯ ಮನೆ ನೋಡಿದ್ದಾರೆ, ನನಗೂ ಅಲ್ಲೇ ಕೆಲಸ ಸಿಗಬಹುದು ಎಂದಳು. ವೆಲ್ಡರ್ ಹೆಚ್ಚು ಮಾತಿನವನಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ ಎಂದಳು. ಆಮೇಲೆ, ಈ ಸುತ್ತಿನಲ್ಲೇ ಹೇಳಬೇಕಲ್ಲ ಎಂದು ಧೈರ್ಯಮಾಡಿ, ಸತ್ತವನ ಬಗ್ಗೆ ಹೇಳಿದಳು. ನಿದ್ದೆಯಲ್ಲಿ ಅವನು ಹೇಗೆ ನಗುತ್ತಿದ್ದ, ಕೊನೆಯ ಬೆಳಿಗ್ಗೆ ಚಹಾ ಕೇಳಿದವನು ಬಿಸಿಯಾಯಿತೆಂದು ಹೇಗೆ ಮುಖ ಸಿಂಡರಿಸಿದ್ದ, ಈಗಲೂ ತಾನು ಅವನ ಲೋಟವನ್ನೇ ಬಳಸುತ್ತಿರುವುದು, ಎಲ್ಲವನ್ನೂ ಹೇಳಿದಳು. ದರ್ಜಿ ಕೇಳುತ್ತ ನಡೆದ. ಇದೆಲ್ಲ ಇಷ್ಟು ದಿನ ತನ್ನ ಮನೆಯಲ್ಲೇ, ತನ್ನ ತಲೆಯ ಮೇಲಿನ ಕೋಣೆಯಲ್ಲೇ ಇತ್ತಲ್ಲ ಎಂದುಕೊಂಡ.

ಗುಡ್ಡ ಇಳಿದು, ಬುರುಜಿನ ಹಿಂಬದಿಯಿಂದ ಏರಿ ಬಂದರೆ ಹೆಬ್ಬಾಗಿಲು ಎದುರಿಗೇ. ಕಮಾನಿನ ಒಳಗಡೆ ವೆಲ್ಡರ್ ತೋಳು ಕಟ್ಟಿಕೊಂಡು ಆಚೀಚೆ ಓಡಾಡುತ್ತಿದ್ದುದು ಕಂಡಿತು. ಕಮಾನಿಗೆ ಹತ್ತು ಮಾರು ದೂರದಲ್ಲಿ ಉರುಳಿಬಿದ್ದ ಒಂದು ಕಲ್ಲಿನ ಮೇಲೆ ದರ್ಜಿ ಕೂತುಬಿಟ್ಟ. ಸೊಸೆಯೂ ಪಕ್ಕದಲ್ಲಿ ಕೂತಳು.

"ನೀನು ಹೊಸದಾಗಿ ಬಂದಾಗ, ಬೆಳಿಗ್ಗೆ ನೀನು ಮೆಟ್ಟಿಲಿಳಿಯೋ ಸದ್ದು ನನಗೆ ಕಿರಿಕಿರಿ ಆಗ್ತಿತ್ತು" ಎಂದ ದರ್ಜಿ. "ಈಗ ಆ ಸದ್ದು ಕೇಳೋವರೆಗೂ ನಾನು ಹಾಸಿಗೆ ಬಿಟ್ಟು ಏಳಲ್ಲ. ಎಚ್ಚರ ಆಗಿರುತ್ತೆ. ಆದ್ರೂ ಏಳಲ್ಲ."

"ನಿಮಗೆ ಕೇಳಿಸಬಾರದು ಅಂತ ಮೆಲ್ಲಗೆ ಇಳೀತಿದ್ದೆ ಮಾವ" ಎಂದಳು ಸೊಸೆ. "ಬಾಡಿಗೆಗೆ ಇರೋರು ಇಳಿಯೋ ಹಾಗೆ. ಗಂಡ ಹೋದ ಮೇಲೂ ಇಲ್ಲೇ ಉಳ್ಕೊಂಡಿದ್ದಾಳೆ ಅಂತ ನಿಮಗೆ ಅನಿಸಬಾರದು ಅಂತ."

"ಕೇಳಿಸ್ತಿತ್ತು."

"ಒಂದು ದಿನ ಆದ್ರೂ ಹೇಳಬಾರದಿತ್ತಾ?"

ಕೆಳಗೆ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಸೊಸೆ ಎದ್ದಳು, ಎದ್ದವಳು ಹೊರಡಲಿಲ್ಲ. ಅವನ ಮುಂದೆ ನಿಂತು, ಅವನ ಕಣ್ಣು ನೋಡುತ್ತ ಹೇಳಿದಳು. "ಮಾವ, ಬಾಗಿಲು ಇನ್ನೂ ದಾಟಿಲ್ಲ. ಹೋಗಬೇಡ ಅಂತ ನೀವು ಒಂದು ಮಾತು ಹೇಳಿ, ನಾನು ಹೋಗಲ್ಲ. ಬಾಯಿಮಾತಿಗೆ ಹೇಳ್ತಿಲ್ಲ. ಅವರಿಗೂ ಹಾಗೇ ಹೇಳಿಟ್ಟಿದ್ದೀನಿ."

ನಿಜ ಹೇಳುತ್ತಿದ್ದಾಳೆ ಎಂದು ದರ್ಜಿಗೆ ಗೊತ್ತಾಯಿತು. ಹೇಳಿದರೆ ಉಳಿಯುತ್ತಾಳೆ. ನಾಳೆ ಬೆಳಿಗ್ಗೆ ಮೆಟ್ಟಿಲು ಸದ್ದುಮಾಡುತ್ತದೆ, ನಾಡಿದ್ದೂ ಮಾಡುತ್ತದೆ, ತಾನು ಇರುವಷ್ಟು ದಿನ ಮಾಡುತ್ತದೆ. ಆಮೇಲೆ ಅವಳು ಆ ಮನೆಯಲ್ಲಿ ಒಬ್ಬಳೇ ಇಳಿಯುತ್ತಾಳೆ, ಹತ್ತುತ್ತಾಳೆ. ಬೆಳಿಗ್ಗೆಯಿಂದ ಎಗ್ಗಿಲ್ಲದೆ ಓಡಿದ ನಾಲಿಗೆಯ ತುದಿಗೆ ಆ ಒಂದು ಮಾತು ಬಂದು ಕೂತಿತು. ಅವನಿಗೆ ಈ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ.

"ಹೋಗಮ್ಮ" ಎಂದ. "ಬಸ್ಸು ನಿಲ್ಲಲ್ಲ. ಆ ಹುಡುಗನಿಗೆ ಚಳಿಯಾಗ್ತಿದೆ. ನಾನು ಉಸಿರು ಸುಧಾರಿಸಿಕೊಂಡು ಮುಂದಿನ ಬಸ್ಸಿಗೆ ಬರ್ತೀನಿ."

ಅವಳು ಬಗ್ಗಿ ಅವನ ಕೋಟಿನ ಮೇಲಿನ ಗುಂಡಿ ಹಾಕಿದಳು. ಕಣ್ಣೊರೆಸಿಕೊಂಡು ಕಮಾನಿನ ಕಡೆ ನಡೆದಳು, ದಾಟಿದಳು. ವೆಲ್ಡರ್ ಏನೋ ಕೇಳಿದ, ಅವಳು ತಲೆಯಾಡಿಸಿದಳು. ಇಬ್ಬರೂ ಬೇಗ ಬೇಗ ಇಳಿದುಹೋದರು. ದರ್ಜಿ ಹೆಬ್ಬಾಗಿಲು ದಾಟದೆ ಕಲ್ಲಿನ ಮೇಲೆ ಕೂತೇ ಇದ್ದ. ಬಸ್ಸು ಹೊರಟು, ತಿರುವು ದಾಟಿ, ಅದರ ಸದ್ದು ಪೂರ್ತಿ ಅಡಗುವವರೆಗೆ ಕಾದ.

"ಹೋಗಬೇಡ" ಎಂದ ಆಮೇಲೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಅವಳು ಪಕ್ಕದಲ್ಲೇ ಇದ್ದಿದ್ದರೆ ಕೇಳಿಸುವಷ್ಟು ಗಟ್ಟಿಯಾಗಿ, "ಹೋಗಬೇಡ ಮಗಳೇ" ಎಂದ.